'ಅವ್ರು' ಅಂದಾಗ

ಮದ್ದೂರಿನ ಒಂದು ಬಡಾವಣೆಗೆ ರಾಮ್ ರಹೀಂ ನಗರ ಅಂತ ಹೆಸರು. 2025ರ ಸೆಪ್ಟೆಂಬರ್ 7ರ ರಾತ್ರಿ ಗಣಪತಿ ಮೆರವಣಿಗೆಯ ಮೇಲೆ ಕಲ್ಲು ಬಿದ್ದದ್ದು ಅಲ್ಲೇ. ಮಾರನೆಯ ದಿನ ಪ್ರತಿಭಟನೆ, ಲಾಠಿ ಏಟು. ಅದರ ಮಾರನೆಗೆ ಬಂದ್. ಹಿಂದಿನ ವರ್ಷ ಅದೇ ತಿಂಗಳ 11ರಂದು ನಾಗಮಂಗಲದಲ್ಲಿ ಇಂಥದೇ ಗಲಾಟೆಯಲ್ಲಿ ಅಂಗಡಿಗಳು ಹೊತ್ತಿ ಉರಿದಿದ್ದವು.

ಮದ್ದೂರಿನ ಗಲಾಟೆಯ ವಾರ ಮಳವಳ್ಳಿಯ ಟೀ ಅಂಗಡಿ ಮುಂದೆ ನನ್ನ ಬಾಯಿಂದ ಒಂದು ಮಾತು ಬಂತು: 'ಅವ್ರು ಯಾವಾಗ್ಲೂ ಹಂಗೇಯ.' ಯಾರು ಅಂತ ಒಬ್ಬರೂ ಕೇಳಲಿಲ್ಲ. ಎಲ್ಲರೂ ತಲೆಯಾಡಿಸಿದರು.

ನಮ್ಮ ಮಂಡ್ಯ ಸೀಮೆಯ ಮಾತಿಗೆ ಬಹುವಚನ ಒಗ್ಗುವುದು ಕಷ್ಟ. ಹೆತ್ತಪ್ಪನನ್ನು 'ಬಾರಪ್ಪ' ಅನ್ನುತ್ತೇವೆ, ಮಳೆ ಕೈಕೊಟ್ಟರೆ ದೇವರನ್ನೂ ಏಕವಚನದಲ್ಲೇ ಬೈಯುತ್ತೇವೆ. ಎತ್ತಿಗೆ ಲಾಳ ಕಟ್ಟಲು ಬರುತ್ತಿದ್ದ ಸಾಬಣ್ಣನನ್ನು ನಮ್ಮಜ್ಜಿ 'ಬಾರ್ಲಾ, ಮೊದ್ಲು ಮುದ್ದೆ ಉಣ್ಣು' ಎಂದು ಗದರುತ್ತಿದ್ದಳು. ಬಾಬಯ್ಯನ ಹಬ್ಬ, ಅಂದರೆ ಮೊಹರಂ ಬಂದರೆ ಗೌಡರ ಮಕ್ಕಳೂ ಅವನ ಮಕ್ಕಳ ಜೊತೆ ಹುಲಿವೇಷ ಕಟ್ಟುತ್ತಿದ್ದರು. 'ಅವ್ರು' ಅನ್ನುವುದು ಮೇಷ್ಟರಿಗೆ, ಅಮಲ್ದಾರರಿಗೆ, ಎದುರಿಗೆ ಕೂರಲು ಅಂಜಿಕೆಯಾಗುವವರಿಗೆ. ಅದು ಪಕ್ಕದ ಬೀದಿಯವನ ಮೇಲೆ ಯಾವಾಗ ಬಂದು ಕೂತಿತು? ಅವನನ್ನು ಊರಿಂದ ಒಂದು ಮಾರು ಆಚೆ ನಿಲ್ಲಿಸಲು ಬಂದ ಬಹುವಚನ ಅದು.

ಇದು ನನಗೆ ಹೊಳೆದದ್ದು ಬೊಳುವಾರು ಮಹಮದ್ ಕುಂಞಿಯವರ 'ಸ್ವಾತಂತ್ರ್ಯದ ಓಟ' ಓದುವಾಗ. 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ಮನೆಯಲ್ಲಿ ಬಹಳ ದಿನದಿಂದ ಇತ್ತು, ದಪ್ಪ ಕಂಡು ಮುಂದಕ್ಕೆ ಹಾಕಿದ್ದೆ. ದೇಶ ಇಬ್ಭಾಗವಾದ ಹೊತ್ತಿನ ಗಾಯ ಬೊಳುವಾರರು ತಮ್ಮ ಕಥೆಗಳಲ್ಲಿ ಕಟ್ಟಿಕೊಂಡ ಮುತ್ತುಪ್ಪಾಡಿ ಎಂಬ ಊರಿನವರೆಗೂ ಬರುತ್ತದೆ. ಆ ಊರಲ್ಲಿ ಅನುಮಾನವಿದೆ, ಸಣ್ಣತನವಿದೆ, ಜಗಳವಿದೆ. ಆದರೆ ಜಗಳವಾಡುವವನಿಗೆ ಒಂದು ಹೆಸರಿದೆ, ಮನೆಯಿದೆ, ಅವನದೇ ಒಂದು ಹಳೇ ಸಂಕಟವಿದೆ. ತಮ್ಮ ಸಮುದಾಯದ ಹುಳುಕನ್ನೂ ಬೊಳುವಾರರು ಮುಚ್ಚಿಡುವವರಲ್ಲ. ನನಗೆ ನಂಬಿಕೆ ಬಂದದ್ದು ಅಲ್ಲಿ. ಬರೀ ಒಳ್ಳೆಯವರನ್ನೇ ತೋರಿಸಿದ್ದರೆ ಪುಸ್ತಕ ಮಡಿಸಿಡುತ್ತಿದ್ದೆ.

ಕಲ್ಲು ಎಸೆದವನು ತಪ್ಪು ಮಾಡಿದ್ದಾನೆ, ಅವನಿಗೆ ಶಿಕ್ಷೆಯಾಗಲೇಬೇಕು. ಆದರೆ ಆ ಕೈಗೂ ಒಂದು ಹೆಸರಿರುತ್ತದೆ. ಆ ಹೆಸರನ್ನು ಅಳಿಸಿ ಅದರ ಜಾಗದಲ್ಲಿ 'ಅವ್ರು' ಅಂತ ಕೂರಿಸಿದವನು ನಾನು. ಅಂಗಡಿಗೆ ಬೆಂಕಿ ಇಡಲು ಹೋಗುವವನಿಗೂ ಅಷ್ಟೇ ಸಾಕು, ಯಾರ ಅಂಗಡಿ ಎಂದು ಅವನು ವಿಚಾರಿಸುವುದಿಲ್ಲ.

ನಮ್ಮದು ರೇಷ್ಮೆ ಸಾಕುವ ಮನೆ. ಮುಂದಿನ ಬೆಳೆ ಬಂದಾಗ ಎಂದಿನಂತೆ ರಾಮನಗರದ ಮಾರುಕಟ್ಟೆಗೆ ಹೋದೆ. ಗೂಡು ಸುರಿದು ನಿಂತಿದ್ದೆ. ಗೂಡಿನಿಂದ ನೂಲು ತೆಗೆಯುವ ಹಳೇ ರೀಲರ್ ಒಬ್ಬ ಬಂದು ಒಂದು ಗೂಡು ಎತ್ತಿಕೊಂಡ, ಹೆಬ್ಬೆರಳಲ್ಲಿ ಒತ್ತಿದ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳಿದ. 'ಗೌಡ್ರೆ, ಮಳೇಲಿ ಕಟ್ಟಿರೋ ಗೂಡು, ನೂಲು ಸರಿಯಾಗಿ ಬಿಚ್ಚಲ್ಲ' ಅಂದ. ನಾನು ರೇಗಿದೆ. ಅವನೂ ರೇಗಿದ. ಇಪ್ಪತ್ತು ವರ್ಷದಿಂದ ನಮ್ಮಿಬ್ಬರದು ಇದೇ ಮಾತು. ಹೋಗುವಾಗ ತಿರುಗಿ ನಿಂತು ಮೆಲ್ಲಗೆ ಕೇಳಿದ: 'ಮದ್ದೂರ್ ಕಡೆ ಈಗ ಸಲೀಸಾಗೈತಾ? ಮಗಳು ಮಂಡ್ಯದಾಗವಳೆ, ನೋಡ್ಕಂಡ್ ಬರ್ಬೇಕು.'

ಅವನಿಗೊಬ್ಬ ಮಗಳಿದ್ದಾಳೆ, ಅದೂ ನಮ್ಮ ಜಿಲ್ಲೆಗೇ ಕೊಟ್ಟ ಹೆಣ್ಣುಮಗಳು ಎಂಬುದು ನನಗೆ ಅಂದೇ ಗೊತ್ತಾದದ್ದು. ಗೂಡಿನ ಒಳಗನ್ನು ಅವನು ಕಿವಿಗೊಟ್ಟು ಕೇಳುತ್ತಿದ್ದ. ನಾನು ಅವನಿಂದ ರೇಟು ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ.

ಬೊಳುವಾರರದು ಕರಾವಳಿ. ಅಲ್ಲಿನ ಬದುಕೇ ಬೇರೆ, ನಮ್ಮ ಲಾಳ, ಗೂಡು, ಆಲೆಮನೆಯ ನಂಟೇ ಬೇರೆ. ನಮ್ಮಲ್ಲೂ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣ ವೈದ್ಯರಾಗಿದ್ದುಕೊಂಡೇ ಈ ನೆಲದ ಬಡವರ ಕಥೆ ಬರೆದರು. ಈಗ ಬರೆಯುತ್ತಿರುವ ನಮ್ಮ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ: ರಾಮ್ ರಹೀಂ ನಗರದ ಆ ರಾತ್ರಿಯನ್ನು ಬರೆಯಿರಿ. ರಸ್ತೆಯ ಎರಡೂ ಬದಿಯಲ್ಲಿದ್ದವರ ಹೆಸರು ಹಿಡಿದು, ನಮ್ಮ ಏಕವಚನದಲ್ಲೇ ಬರೆಯಿರಿ.