ವಿಯೆನ್ನಾ ಬೇಡವೆಂದ ಹುಡುಗ

ಶಾಲೆ ಮುಗಿಸಿದ ಮಗನೋ ಮಗಳೋ "ಸಂಗೀತ ರಚನೆಯನ್ನೇ ಕಲಿಯುತ್ತೇನೆ" ಎಂದು ಪಟ್ಟು ಹಿಡಿದರೆ ಹೆತ್ತವರು ಹೇಗೋ ಒಪ್ಪಿಯಾರು. ನಿಜವಾದ ಕಷ್ಟ ಅನಂತರದ್ದು: ಅರ್ಜಿ ಹಾಕುವುದು ಎಲ್ಲಿಗೆ? ಇದು ಶುಲ್ಕ, ದೂರ, ಹೆಸರುಗಳ ಲೆಕ್ಕಾಚಾರವೆಂದು ನಾವು ಭಾವಿಸುತ್ತೇವೆ. ಆದರೆ ಮಕ್ಕಳ ಪ್ರತಿಭೆಯ ಮೇಲೆ ನಮಗಿರುವ ಅಧಿಕಾರವೆಷ್ಟು ಎಂಬ ಪ್ರಶ್ನೆಯೂ ಅದರಲ್ಲಿ ಅಡಗಿದೆ.

ಹಂಗೇರಿಯ ಬೇಲಾ ಬಾರ್ಟೋಕ್ ಹುಟ್ಟಿದ್ದು 1881ರಲ್ಲಿ. ಏಳರ ಪ್ರಾಯದಲ್ಲಿ ತಂದೆಯನ್ನು ಕಳೆದುಕೊಂಡ. ಶಿಕ್ಷಕಿಯಾಗಿದ್ದ ತಾಯಿ ಪೌಲಾ ಊರಿಂದೂರಿಗೆ ಅಲೆದು, ಕೊನೆಗೆ ಇಂದಿನ ಬ್ರಾಟಿಸ್ಲಾವಾದಲ್ಲಿ ನೆಲೆಸಿದರು. ಮಗನಿಗೆ ಪಿಯಾನೊದ ಮೊದಲ ಪಾಠ ಹೇಳಿಕೊಟ್ಟವರೂ ಆಕೆಯೇ. ಅಲ್ಲಿಂದ ವಿಯೆನ್ನಾ ತೀರಾ ಹತ್ತಿರ. ಬೀಥೋವನ್, ಬ್ರಾಮ್ಸ್ ಬಾಳಿದ ನಗರ. ಅಲ್ಲಿನ ಸಂಗೀತ ವಿದ್ಯಾಲಯವು ಹುಡುಗನಿಗೆ ಪ್ರವೇಶವನ್ನಷ್ಟೇ ಅಲ್ಲ, ವಿದ್ಯಾರ್ಥಿವೇತನವನ್ನೂ ನೀಡಲು ಮುಂದಾಯಿತು. ವಿಧವೆಯ ಮನೆಗೆ ಅದು ಸಣ್ಣ ಮಾತಲ್ಲ.

ಹುಡುಗ ಬೇಡವೆಂದ. ಅದೇ ಶಾಲೆಯಲ್ಲಿ ತನಗಿಂತ ನಾಲ್ಕು ವರ್ಷ ಹಿರಿಯನಾಗಿದ್ದ ದೊಹ್ನಾನ್ಯಿ ಬುಡಾಪೆಸ್ಟಿಗೆ ಹೋಗಿ ಕಲಿತಿದ್ದ; ಅವನ ಸಲಹೆಯಂತೆ 1899ರಲ್ಲಿ ತಾನೂ ಅಲ್ಲಿಗೇ ಹೊರಟ. ಆ ತಾಯಿಯ ಸ್ಥಾನದಲ್ಲಿ ನೀವಿದ್ದರೆ ಏನನ್ನುತ್ತಿದ್ದಿರಿ? ನಾನಂತೂ ವಿಯೆನ್ನಾ ಎನ್ನುತ್ತಿದ್ದೆ. ಹೊಟ್ಟೆಪಾಡಿನ ವಿವೇಕವೇ ವಿವೇಕವೆಂದು ನಂಬಿದವರ ಪೈಕಿ ನಾನೂ ಒಬ್ಬ.

ತಾಯ್ನಾಡನ್ನು ಆರಿಸಿಕೊಂಡದ್ದರಿಂದಲೇ ಆತ ಜನಪದ ಹಾಡನ್ನು ಕಂಡುಕೊಂಡ ಎಂದು ಕಥೆಯನ್ನು ಮುಗಿಸುವುದು ಸುಲಭ. ಆದರೆ ನಡೆದದ್ದು ಹಾಗಲ್ಲ. ಬುಡಾಪೆಸ್ಟಿನಲ್ಲಿ ಆತನಿಗೆ ದೊರೆತ ಸಂಗೀತ ರಚನೆಯ ಗುರು ಕೋಸ್ಲರ್ ಜರ್ಮನ್ ಮೂಲದವರು, ಬ್ರಾಮ್ಸರ ಅಭಿಮಾನಿ. ವಿಯೆನ್ನಾವನ್ನು ಬಿಟ್ಟು ಬಂದವನಿಗೆ ಅದರ ನೆರಳೇ ಎದುರಾಯಿತೆನ್ನಿ! ಬಾರ್ಟೋಕನ ಲೇಖನಿ ಹೆಚ್ಚುಕಡಿಮೆ ನಿಂತೇಹೋಯಿತು. ವಿದ್ಯಾಲಯದಲ್ಲಿ ಎಲ್ಲರೂ ಅವನನ್ನು ಗುರುತಿಸಿದ್ದು ಪಿಯಾನೊ ವಾದಕನೆಂದು. 1902ರಲ್ಲಿ ರಿಚರ್ಡ್ ಸ್ಟ್ರಾಸ್‌ರ ಕೃತಿಯೊಂದನ್ನು ಕೇಳಿದ ಮೇಲೆಯೇ ಮತ್ತೆ ಬರೆಯಲು ಕುಳಿತ. ವ್ಯಾಸಂಗವೂ ಮುಗಿದಿದ್ದ 1904ರಲ್ಲಿ, ಲಿದಿ ದೋಶಾ ಎಂಬ ಮನೆಗೆಲಸದ ಹೆಣ್ಣುಮಗಳು ಹಾಡುತ್ತಿದ್ದುದು ಕಿವಿಗೆ ಬಿತ್ತು. ಆತ ಅದನ್ನು ಬರೆದುಕೊಂಡ. ಮುಂದೆ ಕೊದಾಯ್ ಎಂಬ ಗೆಳೆಯನೊಡನೆ ಹಳ್ಳಿಹಾಡುಗಳ ಸಂಗ್ರಹಕ್ಕೆ ತೊಡಗಿದ; ಕೊದಾಯ್ ಕೂಡ ಕೋಸ್ಲರರ ಶಿಷ್ಯನೇ.

ಹಾಗಾದರೆ ವಿದ್ಯಾಲಯದಿಂದ ಪ್ರಯೋಜನವೇ ಇಲ್ಲವೇ? ಇದೆ. ಆ ಹಾಡು ಎಷ್ಟೋ ಜನರ ಕಿವಿಗೆ ಬಿದ್ದಿರಬೇಕು. ಅದರ ಬೆಲೆ ಅರಿತದ್ದು ಪಳಗಿದ ಕಿವಿ. ಆದರೆ ಏನು ಸಿಕ್ಕೀತೆಂಬುದನ್ನು ಅರ್ಜಿ ಹಾಕುವ ದಿನವೇ ಯಾವ ತಾಯಿತಂದೆಯೂ ಅರಿಯಲಾರರು. ಅಲ್ಲಿ ಕಲಿಸುವವರು ಯಾರು, ವಿದ್ಯಾರ್ಥಿ ಬರೆದದ್ದನ್ನು ನುಡಿಸಿ ಕೇಳಿಸುವ ಏರ್ಪಾಡಿದೆಯೇ, ಸಾಲದ ಹೊರೆ ಎಷ್ಟು ಎಂದು ವಿಚಾರಿಸುವುದು ನಮ್ಮ ಕರ್ತವ್ಯ. ಅಷ್ಟು ವಿಚಾರಿಸಿದ ಮೇಲೆ ಮಗು ತನ್ನದೇ ಕಾರಣ ಹೇಳಿ ಒಂದು ಊರಿನ ಹೆಸರೆತ್ತಿದರೆ, ನಮ್ಮ ಭಯವನ್ನು ವಿವೇಕವೆಂದು ಕರೆದು ಅಡ್ಡ ನಿಲ್ಲುವುದು ನ್ಯಾಯವೇ? ಆಯ್ಕೆ ತಪ್ಪಾಗಲೂಬಹುದು, ನಿಜ. ನಮ್ಮ ಆಯ್ಕೆಯೂ ಅಷ್ಟೇ.

ಬಾರ್ಟೋಕ್ 1907ರಲ್ಲಿ ತಾನು ಕಲಿತ ವಿದ್ಯಾಲಯಕ್ಕೇ ಅಧ್ಯಾಪಕನಾಗಿ ಮರಳಿ, 1934ರವರೆಗೂ ಅಲ್ಲಿ ಪಿಯಾನೊ ಕಲಿಸಿದ. ಸಂಗೀತ ರಚನೆಯನ್ನು ಕಲಿಸಲು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.