ಗುರಿ ತಪ್ಪಿದ ಬಾಣ



ಡೆನ್ಮಾರ್ಕಿನ ದೊರೆ ಎರಡನೇ ವಾಲ್ಡೆಮಾರ್ 1218ರಲ್ಲಿ, ತಾನಿನ್ನೂ ಆಳುತ್ತಿರುವಾಗಲೇ, ಮಗ ವಾಲ್ಡೆಮಾರನಿಗೆ ಕಿರೀಟ ತೊಡಿಸಿ ಕಿರಿಯ ರಾಜನನ್ನಾಗಿ ಮಾಡಿದ. ಹುಡುಗನಿಗೆ ಆಗ ಒಂಬತ್ತರ ಆಸುಪಾಸು. 1223ರಲ್ಲಿ ಲ್ಯೂ ದ್ವೀಪದಲ್ಲಿ ಶ್ವೆರಿನ್‌ನ ಕೌಂಟ್ ಹೆನ್ರಿ ಅಪ್ಪ ಮಗ ಇಬ್ಬರನ್ನೂ ಸೆರೆಹಿಡಿದ. ಕಿರೀಟ ಕಾಯಲಿಲ್ಲ. ಬಿಡುಗಡೆಯಾಗಿ ಬಂದವನಿಗೆ 1229ರಲ್ಲಿ ಪೋರ್ಚುಗಲ್ಲಿನ ಎಲೆನೋರಳೊಡನೆ ಮದುವೆಯಾಯಿತು. 1231ರಲ್ಲಿ ಅವಳು ತೀರಿಕೊಂಡಳು. ಅದೇ ವರ್ಷ ನವೆಂಬರ್ 28ರಂದು ರೆಫ್ಸ್‌ನೆಸ್‌ನಲ್ಲಿ ಬೇಟೆಯಾಡುವಾಗ, ಗುರಿ ತಪ್ಪಿ ಬಂದ ಬಾಣ ತಗಲಿ ಅವನೂ ಸತ್ತ. ಅಪ್ಪ ಇನ್ನೂ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದ.

ಬಾಣ ಬಿಟ್ಟವನು ಕೊಲೆಗಾರನೇ? ಚೇತನಾ, ಅಂದರೆ ಉದ್ದೇಶವೇ ಕಮ್ಮ ಎನ್ನುತ್ತದೆ ಧಮ್ಮ. ರಾಜನನ್ನು ಕೊಲ್ಲುವ ಉದ್ದೇಶ ಅವನಿಗಿರಲಿಲ್ಲ. ಹಾಗಾಗಿ ಅಲ್ಲ ಎನ್ನಬೇಕು. ಆದರೆ ಆ ಬಾಣ ಉದ್ದೇಶವೇ ಇಲ್ಲದೆ ಹೊರಟಿತೇ? ಯಾವುದೋ ಒಂದು ಜೀವ ತೆಗೆಯಲೆಂದೇ ಬಿಲ್ಲು ಬಾಗಿತ್ತಲ್ಲ.

ಕಳೆದ ವರ್ಷ ನನ್ನ ತರಗತಿಯ ಹುಡುಗನೊಬ್ಬ ನಾಯಿಗೆಸೆದ ಕಲ್ಲು ಇನ್ನೊಬ್ಬನ ಹಣೆಗೆ ಬಿತ್ತು. "ಬೇಕಂತ ಹೊಡೀಲಿಲ್ಲ ಸಾರ್" ಎಂದು ಅತ್ತ. ಅವನು ಹೇಳಿದ್ದು ನಿಜ. ಗಾಯಕ್ಕೆ ಔಷಧಿ ಹಚ್ಚಿಸಿ, ಅವನಿಗೆ ಸಮಾಧಾನ ಹೇಳಿ ಕಳಿಸಿದೆ. ನಾಯಿಗೆ ಯಾಕೆ ಎಸೆದೆ ಎಂದು ಕೇಳಲೇ ಇಲ್ಲ. ಆ ತಪ್ಪು ನನ್ನದು.

ಪಾಣಾತಿಪಾತದಿಂದ ದೂರವಿರುವೆನೆಂದು ದಿನವೂ ಶೀಲ ತೆಗೆದುಕೊಳ್ಳುತ್ತೇವೆ. "ಬೇಕೆಂದು ಮಾಡಲಿಲ್ಲ" ಎನ್ನುವ ಮುನ್ನ, ಕಲ್ಲು ಎತ್ತಿದ್ದು ಯಾರಿಗೆಂದು ಒಮ್ಮೆ ನಮ್ಮನ್ನೇ ಕೇಳಿಕೊಳ್ಳೋಣ.

ಭವತು ಸಬ್ಬ ಮಂಗಲಂ.