ಸುಳ್ಳಾಗಲೆಂದು ಹೇಳುವ ಭವಿಷ್ಯ

2025ರ ತಪಸ್ಸುಕಾಲದ ಒಂದು ಸಂಜೆ, ಬೆಂಗಳೂರಿನ ನಮ್ಮ ಧರ್ಮಕೇಂದ್ರದ ಯುವತಿಯೊಬ್ಬಳು ಗುರುನಿವಾಸಕ್ಕೆ ಬಂದಳು. ಆಕೆ ವಿನ್ಯಾಸಕಲೆಯ ಅಂತಿಮ ವರ್ಷದ ವಿದ್ಯಾರ್ಥಿನಿ. ಕೈಚೀಲದಿಂದ ಹಳದಿ ಬಣ್ಣದ ಪುಸ್ತಿಕೆಯೊಂದನ್ನು ತೆಗೆದು ನನ್ನ ಕೈಗಿತ್ತಳು. ಅದೊಂದು ನೀರಿನ ಪಡಿತರ ಚೀಟಿ. ಮುಖಪುಟದ ಮೇಲೆ 2045ನೆಯ ಇಸವಿ. ಒಳಗೆ ಕುಟುಂಬದ ಸದಸ್ಯರ ಹೆಸರು, ತಲೆಗೆ ದಿನಕ್ಕೆ ಇಷ್ಟು ಲೀಟರ್ ಎಂಬ ಲೆಕ್ಕ, ದುಂಡು ಮುದ್ರೆ. ಪುಟಗಳ ಮೂಲೆ ಮಡಚಿತ್ತು, ಅರಿಸಿನದ ಕಲೆ ಹತ್ತಿತ್ತು. ಯಾರದೋ ಅಡುಗೆಮನೆಯಲ್ಲಿ ವರುಷಗಟ್ಟಲೆ ಬಳಸಿದಂತಿದ್ದ ಅದನ್ನು ಅವಳೇ ತಯಾರಿಸಿದ್ದಳು.

“ಮುಂದಿನ ವಾರ ಜೂರಿ ಇದೆ, ಫಾದರ್. ಇದು ಸರ್ಕಾರ ಗುಟ್ಟಾಗಿ ಸಿದ್ಧಪಡಿಸಿರುವ ಮಾದರಿ ಎಂದು ಹೇಳಿಬಿಡು, ಪರೀಕ್ಷಕರು ಬೆಚ್ಚಿಬೀಳಲಿ ಎನ್ನುತ್ತಾರೆ ಸ್ನೇಹಿತರು. ಹಾಗೆ ಹೇಳಿದರೆ ಪಾಪವಾಗುತ್ತದೆಯೇ?” ಎಂದು ಕೇಳಿದಳು.

ಈ ಬಗೆಯ ಕೆಲಸಕ್ಕೆ ಸ್ಪೆಕ್ಯುಲೇಟಿವ್ ಡಿಸೈನ್, ಅಂದರೆ ಊಹಾವಿನ್ಯಾಸ, ಎಂದು ಹೆಸರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಬೋಧಿಸುತ್ತಿದ್ದ ಆಂಟನಿ ಡನ್ ಮತ್ತು ಫಿಯೋನಾ ರೇಬಿ ಇದನ್ನು ಬೆಳೆಸಿದವರಲ್ಲಿ ಪ್ರಮುಖರು. 2013ರಲ್ಲಿ ಅವರು ಈ ಕುರಿತು ಗ್ರಂಥವನ್ನೂ ಪ್ರಕಟಿಸಿದರು. ಇಲ್ಲಿ ವಸ್ತುವನ್ನು ಮಾರುವುದಕ್ಕಾಗಿ ರೂಪಿಸುವುದಿಲ್ಲ. ‘ಇಂತಹ ನಾಳೆ ನಮಗೆ ಬೇಕೇ?’ ಎಂಬ ಪ್ರಶ್ನೆಯನ್ನು ಜನರ ಕೈಗೆ ಕೊಡುವುದಕ್ಕಾಗಿ ರೂಪಿಸುತ್ತಾರೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತ ಅನಬ್ ಜೈನ್ ಮತ್ತು ಅವರ ಸಂಗಡಿಗರು, ಅರಬ್ ಸಂಯುಕ್ತ ಸಂಸ್ಥಾನದ ಅಧಿಕಾರಿಗಳ ಮುಂದೆ 2030ರ ಮಲಿನ ಗಾಳಿ ಹೇಗಿರಬಹುದೆಂಬುದನ್ನು ಸಿದ್ಧಪಡಿಸಿ ಮೂಸಿ ನೋಡಲು ಕೊಟ್ಟರು. ಅಂಕಿ ಅಂಶಗಳು ಮುಟ್ಟದ ಮನಸ್ಸನ್ನು ಒಂದು ಉಸಿರು ಮುಟ್ಟಿತು.

ಇದೇನೂ ಹೊಸ ವಿದ್ಯೆಯಲ್ಲ. ಪ್ರವಾದಿ ಯೆಜೆಕಿಯೇಲನ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ತೆರೆದು ನೋಡಿರಿ. ಇಟ್ಟಿಗೆಯ ಮೇಲೆ ಜೆರುಸಲೇಮಿನ ಚಿತ್ರವನ್ನು ಬರೆದು, ಅದಕ್ಕೆ ಮುತ್ತಿಗೆ ಹಾಕಿದಂತೆ ಆತ ಅಭಿನಯಿಸಬೇಕು. ದಿನಕ್ಕೆ ಇಪ್ಪತ್ತು ಶೆಕೆಲ್ ತೂಕದ ಆಹಾರ, ಹಿನ್ ಅಳತೆಯ ಆರನೆಯ ಒಂದು ಭಾಗ ನೀರು. ಇಂದಿನ ಲೆಕ್ಕದಲ್ಲಿ ಸುಮಾರು ಅರ್ಧ ಲೀಟರಿಗಿಂತ ತುಸು ಹೆಚ್ಚು. ಬರಲಿರುವ ಬರವನ್ನು ಪ್ರವಾದಿ ತನ್ನ ಮೈಮೇಲೆಯೇ ತೋರಿಸಿದ. ಎರಡೂವರೆ ಸಾವಿರ ವರುಷಗಳ ಹಿಂದೆಯೇ ನೀರಿನ ಪಡಿತರ!

ಹಾಗಾದರೆ ಸುಳ್ಳು ಎಂದರೇನು? ವಂಚಿಸುವ ಸಂಕಲ್ಪದಿಂದ ಅಸತ್ಯವನ್ನಾಡುವುದು ಸುಳ್ಳು ಎಂಬುದು ಸಂತ ಅಗಸ್ಟೀನರ ವಿವೇಚನೆಯ ತಿರುಳು. ಸತ್ಯವನ್ನು ಸೂಚಿಸುವ ಕಲ್ಪನೆ ಸುಳ್ಳಲ್ಲವೆಂದು ಸಂತ ತೋಮಾಸ್ ಅಕ್ವಿನಾಸರೂ ಒಪ್ಪುತ್ತಾರೆ. ಇಲ್ಲವಾದರೆ ಪ್ರಭು ಯೇಸುವಿನ ಸಾಮತಿಗಳ ಗತಿಯೇನು? ಕೇಳುಗನ ತಿಳಿವನ್ನು ಬೆಳಗಿಸಲೆಂದು ಕಟ್ಟಿದ ಕಥೆ ಸಾಮತಿ. ಅವನ ತಿಳಿವನ್ನು ಕದಿಯಲೆಂದು ಕಟ್ಟಿದ ಕಥೆ ಮೋಸ.

ಆದರೂ ಪ್ರವಾದಿ ನಾತಾನನ ನಡೆ ನಮ್ಮನ್ನು ಇನ್ನಷ್ಟು ಯೋಚನೆಗೆ ಹಚ್ಚುತ್ತದೆ. ಬಡವನೊಬ್ಬನ ಏಕೈಕ ಕುರಿಮರಿಯನ್ನು ಸಿರಿವಂತನೊಬ್ಬ ಕಿತ್ತುಕೊಂಡ ಕಥೆಯನ್ನು ಅರಸ ದಾವೀದನು ನಿಜವೆಂದೇ ನಂಬಿ ಸಿಡಿದೆದ್ದ. ಆ ನಂಬಿಕೆ ಕೆಲವು ಕ್ಷಣಗಳದ್ದು ಮಾತ್ರ. ನಾತಾನನು ತೆರೆ ಸರಿಸಿ, ಆ ಸಿರಿವಂತ ಅರಸನೇ ಎಂದು ಬೆರಳಿಟ್ಟು ತೋರಿಸಿದ. ದಾವೀದನು ಭ್ರಮೆಯೊಡನೆ ಮಲಗಲು ಹೋಗುವಂತೆ ಆತ ಬಿಡಲಿಲ್ಲ.

ಆದ್ದರಿಂದ ನಾನು ಆಕೆಗೆ ಹೇಳಿದೆ: “ಮಗಳೇ, ಕೊಂಚ ಹೊತ್ತು ಮೌನವಾಗಿರು, ಅವರು ಚೀಟಿಯನ್ನು ಕೈಯಲ್ಲಿ ಹಿಡಿದು ನೋಡಲಿ. ಆದರೆ ಸರ್ಕಾರ ಮಾಡದ ಕೆಲಸವನ್ನು ಮಾಡಿದೆಯೆಂದು ಹೇಳಬೇಡ. ಅದು ಸಾಮತಿಯಲ್ಲ, ಎಂಟನೆಯ ಆಜ್ಞೆ ನಿಷೇಧಿಸುವ ಸುಳ್ಳುಸಾಕ್ಷಿ. ಅವರು ಮೇಜು ಬಿಟ್ಟೇಳುವ ಮುನ್ನ ಇದು ಕಲ್ಪನೆ ಎಂದು ತಿಳಿಸು.”

ಉತ್ತರ ಸೊಗಸಾಗಿತ್ತು, ಗುರುಮಠದಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲವೆಂದು ಒಳಗೊಳಗೇ ಹಿಗ್ಗಿದೆ. ಜೊತೆಗೊಂದು ಸಲಹೆಯನ್ನೂ ಇತ್ತೆ: ದೇವಾಲಯದ ಹಿಂದಿನ ಓಣಿಯಲ್ಲಿ ಟ್ಯಾಂಕರಿಗಾಗಿ ಕಾಯುವ ತಾಯಂದಿರಿಗೆ ಇದನ್ನೊಮ್ಮೆ ತೋರಿಸು ಎಂದು.

ಎರಡು ದಿನಗಳ ಬಳಿಕ ಆಕೆ ಮರಳಿ ಬಂದಳು. ಮುಖ ಬಾಡಿತ್ತು. ನಮ್ಮ ಧರ್ಮಕೇಂದ್ರದವರೇ ಆದ ಹಿರಿಯ ಹೆಂಗಸೊಬ್ಬರು ಚೀಟಿಯನ್ನು ತಿರುವಿ ನೋಡಿ, “ಇದು ಯಾವಾಗ ಕೊಡ್ತಾರಮ್ಮ? ಇದರಲ್ಲಿ ಇಷ್ಟು ನೀರು ಅಂತಾದರೂ ಬರೆದಿದೆ. ನಮಗೆ ಅದೂ ಇಲ್ಲವಲ್ಲ” ಎಂದರಂತೆ.

ಜೂರಿಯನ್ನು ಬೆಚ್ಚಿಸಲೆಂದು ಮಾಡಿದ ಭೀಕರ ನಾಳೆ, ಆ ತಾಯಿಗೆ ಇಂದಿಗಿಂತ ಮೇಲಾಗಿ ಕಂಡಿತ್ತು. ಆಗ ನಾತಾನನ ಬೆರಳು ನನ್ನತ್ತಲೇ ತಿರುಗಿದಂತಾಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಪ್ರಕಟಿಸಿದಾಗ, ನಾನು ಪೀಠದಿಂದ ಮಿತಬಳಕೆಯನ್ನು ಬೋಧಿಸಿದ್ದೆ. ಅದೇ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೆಯ ಹಂತಕ್ಕೆ ಚಾಲನೆ ದೊರೆತಾಗ, ಸಂಕಟ ಕಳೆಯಿತೆಂದು ಮರೆತೂಬಿಟ್ಟಿದ್ದೆ. ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕೆಂದು ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬರೆದುದನ್ನು ಎಷ್ಟೋ ಸಲ ಉದ್ಧರಿಸಿದವನು ನಾನು. ದೇವಾಲಯದ ಅಂಗಳದ ಕೊಳವೆಬಾವಿಯ ನೀರು ಮಾತ್ರ ನಮ್ಮ ಹುಲ್ಲುಹಾಸಿಗೆ ಹರಿಯುತ್ತಲೇ ಇತ್ತು. ಗೋಡೆಯಾಚೆಯ ತಾಯಿಗೆ ದಿನಕ್ಕೆಷ್ಟು ಕೊಡವೆಂದು ನಾನು ಕೇಳಿಯೇ ಇರಲಿಲ್ಲ.

ವಿದ್ಯಾರ್ಥಿನಿ ತನ್ನ ಪ್ರದರ್ಶನವನ್ನು ಬದಲಿಸಿದಳು. ಚೀಟಿಯನ್ನು ಪರೀಕ್ಷಕರ ಕೈಗಿತ್ತು ಸುಮ್ಮನಿದ್ದಳು. ಬಳಿಕ ಇದು ಕಲ್ಪನೆ ಎಂದಳು. ಕೊನೆಗೆ, ಆ ತಾಯಿಯ ಒಪ್ಪಿಗೆ ಪಡೆದು, ಆಕೆಯ ಮಾತನ್ನು ಒಂದಕ್ಷರವೂ ಕೂಡಿಸದೆ ಓದಿದಳು. ಅಂಕಗಳ ವಿಚಾರವನ್ನು ನಾನು ಕೇಳಲಿಲ್ಲ. ಇತ್ತ ನಮ್ಮ ಪಾಲನಾ ಸಮಿತಿ ಅಂಗಳದ ಗೋಡೆಯ ಹೊರಬದಿಗೆ ಒಂದು ನಲ್ಲಿಯನ್ನು ಹಾಕಿಸಿತು. ಹುಲ್ಲು ಒಣಗಿದೆ. ಒಣಗಲಿ.

ತತ್ತ್ವಜ್ಞಾನಿ ಹಾನ್ಸ್ ಯೋನಾಸ್ 1979ರಲ್ಲಿ ಪ್ರಕಟವಾದ ಹೊಣೆಗಾರಿಕೆಯ ಕುರಿತ ತಮ್ಮ ಗ್ರಂಥದಲ್ಲಿ, ಕೇಡಿನ ಭವಿಷ್ಯವನ್ನು ನುಡಿಯುವುದು ಅದು ಬಾರದಿರಲೆಂದು, ಎಂಬ ವಿಚಾರವನ್ನು ಮಂಡಿಸಿದರು. ಪ್ರವಾದಿ ಯೋನನು ಇದನ್ನು ಕಷ್ಟಪಟ್ಟು ಕಲಿಯಬೇಕಾಯಿತು. ನಲವತ್ತು ದಿನಗಳಲ್ಲಿ ನಿನೆವೆ ನಾಶವಾಗುವುದೆಂದು ಸಾರಿದ. ಜನ ಪಶ್ಚಾತ್ತಾಪಪಟ್ಟರು, ನಗರ ಉಳಿಯಿತು, ತನ್ನ ಮಾತು ಫಲಿಸಲಿಲ್ಲವೆಂದು ಯೋನ ಮುನಿದು ಕುಳಿತ. ಆದರೆ ದೇವರಿಗೆ ಬೇಕಾಗಿದ್ದುದು ಪ್ರವಾದಿಯ ಕೀರ್ತಿಯಲ್ಲ, ನಗರದ ಮಕ್ಕಳ ಉಳಿವು.

ಪ್ರಿಯ ತಂದೆ ತಾಯಂದಿರೇ, ನಿಮ್ಮ ಮಕ್ಕಳು ಇಂತಹ ವಿಚಿತ್ರ ವಸ್ತುವೊಂದನ್ನು ಮನೆಗೆ ತಂದರೆ, ‘ಇದರಿಂದ ಏನು ಸಂಪಾದನೆ?’ ಎಂದು ಮೊದಲೇ ಕೇಳದಿರಿ. ಈ ನಾಳೆಯನ್ನು ಇಂದೇ ಬದುಕುತ್ತಿರುವವರು ಯಾರು, ಅವರನ್ನು ಕೇಳಿದೆಯಾ ಎಂದು ವಿಚಾರಿಸಿರಿ. ಸಾಧ್ಯವಾದರೆ ಅವರೊಡನೆ ನೀವೂ ಆ ಮನೆಗೆ ಹೋಗಿಬನ್ನಿರಿ. ಆ ಹಳದಿ ಪುಸ್ತಿಕೆ ನನ್ನ ಮೇಜಿನ ಮೇಲಿದೆ. 2045ರಲ್ಲಿ ಅದು ಸುಳ್ಳಾಗಲಿ ಎಂಬುದೇ ನನ್ನ ಪ್ರಾರ್ಥನೆ.